ಅಂತರಗಂಗೆಗೆ ಮಾವನ ಬಂದೋಬಸ್ತು

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಇರುವುದು ಒಬ್ಬನೇ ವೈರಿ. ಆ ವೈರಿಗೆ ಕೈಯಿಲ್ಲ, ಕಾಲಿಲ್ಲ, ಬಾಯಂತೂ ಇಲ್ಲವೇ ಇಲ್ಲ. ತಲೆಯ ಮೇಲೆ ಮಾತ್ರ ನೇರಳೆ ಬಣ್ಣದ ಚೆಂದದ ಹೂವಿದೆ. ವಯಸ್ಸಾದ ಗಂಡಸೊಬ್ಬ ಹೂವಿನ ಜೊತೆ ವರ್ಷಗಟ್ಟಲೆ ವೈರ ಸಾಧಿಸುವುದನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಮೊಣಕಾಲಮಟ್ಟ ಕೆಸರಿನಲ್ಲಿ ನಿಂತು ಆ ಮಹಾಯುದ್ಧದಲ್ಲಿ ಪಾಲ್ಗೊಂಡಿದ್ದೇನೆ!

ವೈರಿಯ ಹೆಸರು ಅಂತರಗಂಗೆ. ಬೇರನ್ನು ಗಡ್ಡದ ಹಾಗೆ ಕೆಳಗೆ ಇಳಿಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತ, ನೋಡನೋಡುತ್ತ ಇಡೀ ಕೆರೆಯನ್ನೇ ಮುಚ್ಚಿಬಿಡುವ ಕಳೆ. ಮಾವನ ಊರು ಸಿಂಧನೂರು ಹತ್ತಿರದ ಗೊರೇಬಾಳ. ಅಲ್ಲಿಯ ಭತ್ತದ ಗದ್ದೆಗಳಿಗೆ ನೀರು ತಂದ ಕಾಲುವೆಯೇ ಊರ ಕೆರೆಗೆ ಈ ಅತಿಥಿಯನ್ನೂ ತಂದಿತು. ಮೊದಲು ಬಹಳ ಸಂಭಾವಿತನಂತೆ ಒಂದು ಮೂಲೆಯಲ್ಲಿ ಕೂತಿತ್ತು. ಜನ "ಚಂದ ಐತಿ" ಎಂದರು. ಆಮೇಲಾಮೇಲೆ ನೀರಿಗಿಳಿದ ಎಮ್ಮೆಯನ್ನು ಹುಡುಕಬೇಕಾದ ಕಾಲ ಬಂತು. ಒಂದು ದಿನ ಮಾವನ ಎಮ್ಮೆ ಆ ಹಸಿರಿನೊಳಗೆ ಮುಳುಗಿ ಮೇಲೆದ್ದಾಗ, ಕೊಂಬಿನ ಸುತ್ತ ನೇರಳೆ ಹೂವು ಮುಡಿದು ಮದುವಣಗಿತ್ತಿಯ ಹಾಗೆ ನಾಚಿ ನಿಂತಿತ್ತು. ಊರೆಲ್ಲ ನಕ್ಕಿತು. ಮಾವ ನಗಲಿಲ್ಲ. ಧೋತರ ಮೇಲೆ ಕಟ್ಟಿ ನೀರಿಗಿಳಿದ.

ಯುದ್ಧವೆಂದ ಮೇಲೆ ಸಲಹೆಗಾರರಿಗೆ ಕೊರತೆಯೇ? ದಂಡೆಯ ಮೇಲೆ ನಿಂತ ಜಾಣರೊಬ್ಬರು "ಔಷಧ ಹೊಡಸ್ರಿ, ಎಲ್ಲಾ ಸತ್ತು ಹೋಗತೈತಿ" ಎಂದರು. ಮಾವ ತಲೆ ಎತ್ತದೆ, "ದನ ಕುಡಿಯೋ ನೀರದು. ಮೊದಲ ನಿಮ್ಮ ಚಾದಾಗ ಒಂದು ಹನಿ ಹಾಕ್ತೀನಿ, ಕುಡದು ತೋರಸ್ರಿ" ಎಂದ. ಅವರು ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಇನ್ನೊಬ್ಬರು ಇದರ ದಂಟು ಒಣಗಿಸಿ ಬುಟ್ಟಿ ಹೆಣೆಯಬಹುದೆಂದರು. ಅತ್ತೆ ಶ್ರದ್ಧೆಯಿಂದ ಒಂದು ಬುಟ್ಟಿ ಹೆಣೆದು ಉಳ್ಳಾಗಡ್ಡಿ ತುಂಬಿಟ್ಟಳು. ಮರುದಿನ ಎಮ್ಮೆ ಬುಟ್ಟಿಯನ್ನು ತಿಂದು ಉಳ್ಳಾಗಡ್ಡಿಯನ್ನು ಬಿಟ್ಟಿತ್ತು.

ಹೀಗಾಗಿ ಉಳಿದದ್ದು ಎರಡು ಕೈಗಳ ಮಾರ್ಗ, ಮತ್ತು ಮಾವನ ಸಿದ್ಧಾಂತ: ಎಲೆ ಹರಿದರೆ ಅದು ನಗುತ್ತದೆ, ಮತ್ತೆ ಚಿಗುರುತ್ತದೆ, ಬೇರು ಸಮೇತ ಎತ್ತಿ, ದಂಡೆಗೆ ತಂದು, ಬೇರು ಮೇಲೆ ಮಾಡಿ ಬಿಸಿಲಿಗೆ ಹಾಕಬೇಕು. ಮನೆಗೆ ಯಾರೇ ಬರಲಿ, ಮೊದಲು ಕೆರೆಗಿಳಿದು ಒಂದು ತೆಕ್ಕೆ ಎತ್ತಬೇಕು, ಆಮೇಲೆಯೇ ಚಹಾ. ಬರುವ ಬೀಗರು ಕಡಿಮೆಯಾದರು. ಅತ್ತೆಗೆ ಹಾಲು ಉಳಿಯತೊಡಗಿತು.

ಇಂಥ ಮನೆಗೆ, ಮಾವನ ಮಗಳನ್ನು ನೋಡಲು ಲಿಂಗಸುಗೂರಿನ ಬಟ್ಟೆ ವ್ಯಾಪಾರಿಯೊಬ್ಬರು ಮಗನೊಂದಿಗೆ ಬೆಳ್ಳಗೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬಂದರು. ಮಾವ ನಡುದಾರಿಯಲ್ಲೇ ಅವರನ್ನು ಕೆರೆಯ ಕಡೆ ತಿರುಗಿಸಿದ.

"ನಾವು ಹುಡುಗಿ ನೋಡಾಕ ಬಂದೀವ್ರೀ, ಕೆರಿ ನೋಡಾಕಲ್ಲ."

"ಹುಡುಗಿ ಎಲ್ಲಿ ಹೋಗ್ತಾಳ್ರೀ, ಮನ್ಯಾಗ ಅದಾಳ. ಇದರ ಖಬರ್ ಹಂಗಲ್ಲ. ನೀವು ಚಾ ಕುಡಿಯೋದ್ರಾಗ ಮತ್ತೊಂದು ಮರಿ ಹಾಕತೈತಿ."

ವ್ಯಾಪಾರಿಗಳು ದಂಡೆಯಲ್ಲಿ ಬಗ್ಗಿ, ಬಟ್ಟೆಯ ನೇಯ್ಗೆ ನೋಡುವವರಂತೆ ಎರಡು ಬೆರಳಿನಲ್ಲಿ ಒಂದು ಎಲೆ ಹರಿದು ಕೈ ಒರೆಸಿಕೊಂಡರು. ಹುಡುಗ ಪ್ಯಾಂಟು ಮಡಿಚಿ ಒಳಗಿಳಿದ, ಒಂದು ತೆಕ್ಕೆ ಎತ್ತಿದ, ಎತ್ತಿದ ಭಾರಕ್ಕೆ ಕೆಸರಿನಲ್ಲಿ ಕೂತೇಬಿಟ್ಟ. ಆದರೆ ತೆಕ್ಕೆ ಬಿಡಲಿಲ್ಲ.

ಮಾವ ಮನೆಗೆ ಬಂದು ಅತ್ತೆಗೆ ಗಂಭೀರವಾಗಿ ಹೇಳಿದ: "ಬೇರು ಸಮೇತ ತಗದಾನ. ಕೊಟ್ಟುಬಿಡೂಣು."

"ಹುಡುಗಿನ್ನ ಕೇಳೂದು ಬ್ಯಾಡೇನು?"

ಕೇಳಿದರು. ಹುಡುಗಿ ಏರಿಯ ಮೇಲೆ ನಿಂತು ಎಲ್ಲವನ್ನೂ ನೋಡಿ, ನಕ್ಕು ನಕ್ಕು, ಆಗಲೇ ಒಪ್ಪಿಬಿಟ್ಟಿದ್ದಳು!

ಈ ಎಲ್ಲದರಲ್ಲಿ ನಗದೆ ಉಳಿದವಳು ನಮ್ಮ ಅವ್ವ, ಮಾವನ ಒಬ್ಬಳೇ ಅಕ್ಕ. ಅವಳನ್ನು ಕೊಟ್ಟದ್ದು ಪಾಮನಕಲ್ಲೂರಿಗೆ. ಗೊರೇಬಾಳದಲ್ಲಿ ನೀರು ಮನೆಯ ಮುಂದೆ ಹರಿದುಹೋಗುತ್ತದೆ. ನಮ್ಮಲ್ಲಿ ಜೋಳ, ತೊಗರಿ, ಅವುಗಳ ಮೇಲೆ ಆಕಾಶ. ಮೊದಲೆಲ್ಲ ಮಾವ ನಾಗರ ಪಂಚಮಿಗೆ ತಪ್ಪದೆ ಉಂಡಿ ಕಟ್ಟಿಕೊಂಡು ಅಕ್ಕನನ್ನು ಕರೆಯಲು ಬರುತ್ತಿದ್ದ. ಯುದ್ಧ ಶುರುವಾದ ಮೇಲೆ ಅದು ನಿಂತಿತು. ಸಿಂಧನೂರು ದಾಟಿ, ಮಸ್ಕಿ ದಾಟಿ ನಮ್ಮೂರು ಸೇರುವಷ್ಟರಲ್ಲಿ ಬಸ್ಸಿನಲ್ಲಿ ಒಂದು ನಿದ್ದೆ ಪೂರ್ತಿಯಾಗುವುದಿಲ್ಲ. ಆದರೂ ಫೋನಿನಲ್ಲಿ ಅದೇ ಮಾತು: "ನಾ ಬಂದ್ರ ಕೆರಿ ಯಾರ ಕಾಯ್ತಾರ ಅಕ್ಕಾ?"

"ನನ್ನ ತಮ್ಮಗ ಆ ಸೊಪ್ಪಿನ ಮ್ಯಾಲಿರೋ ಫಿಕರ್ ನನ್ನ ಮ್ಯಾಲಿಲ್ಲ" ಎಂದು ಅವ್ವ ಹಗುರವಾಗಿಯೇ ಹೇಳುತ್ತಿದ್ದಳು. ಆದರೆ ಪಂಚಮಿಯ ದಿನ ಬಸ್ಸಿನ ಸಪ್ಪಳ ಕೇಳಿದಾಗಲೆಲ್ಲ ಅವಳ ರೊಟ್ಟಿ ಬಡಿಯುವ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಮಾವನ ಮಗಳ ಮದುವೆಗೆ ಅವ್ವ, ನೋಯುವ ಮೊಣಕಾಲನ್ನು ಬಸ್ಸಿನ ಮೆಟ್ಟಿಲಿಗೆ ಒಂದೊಂದಾಗಿ ಒಪ್ಪಿಸಿ, ನನ್ನ ಜೊತೆ ಗೊರೇಬಾಳಕ್ಕೆ ಹೋದಳು. ಹೋಗುವುದು ಸುಲಭ, ಹೊರಡುವುದು ಕಷ್ಟ. ಹಿಂದೆ ಯಾರೋ ನೆಂಟರು ಹೂವಿನ ಆಸೆಗೆ ಒಂದು ಗಿಡ ಒಯ್ದು ತಮ್ಮೂರ ಬಾವಿ ಕೆಡಿಸಿಕೊಂಡಾಗಿನಿಂದ, ಮಾವ ಊರು ಬಿಡುವವರ ಚೀಲಗಳನ್ನು ತಲಾಶ್ ಮಾಡುತ್ತಿದ್ದ. ಅವ್ವನ ಚೀಲವನ್ನೂ ಬಿಡಲಿಲ್ಲ.

"ಅಕ್ಕ ಆದ್ರೇನು, ಬಂದೋಬಸ್ತ್ ಅಂದ್ರ ಬಂದೋಬಸ್ತ್."

"ನೋಡಪಾ, ಸೀರಿ ಮಡಿಕಿ ಸೈತ ಬಿಚ್ಚಿ ನೋಡು."

ಸೀರೆ, ಕುಂಕುಮ, ಮೊಣಕಾಲಿನ ಎಣ್ಣೆ, ಬೇರೇನೂ ಸಿಗಲಿಲ್ಲ. ಸಮಾಧಾನಗೊಂಡ ಮಾವ, ಅವ್ವ ಬುತ್ತಿ ತುಂಬಿಕೊಂಡಿದ್ದ ಟಿಫಿನ್ ಡಬ್ಬಿಯನ್ನು ತಾನೇ ಹಿಡಿದು ಬಸ್ಸಿನವರೆಗೆ ಬಂದು, ಅದನ್ನು ಅವ್ವನ ತೊಡೆಯ ಮೇಲೆ ಇಟ್ಟು, "ಹುಷಾರಕ್ಕಾ, ತಳದ ಡಬ್ಬಿ ಭಾರ ಐತಿ, ಸಾರು ಚೆಲ್ಲೀತು" ಎಂದ.

ಮನೆಗೆ ಬಂದು ಅವ್ವ ಡಬ್ಬಿ ಬಿಚ್ಚಿದಳು. ಮೇಲಿನದರಲ್ಲಿ ಹೋಳಿಗೆ. ನಡುವಿನದರಲ್ಲಿ ಬದನೆಕಾಯಿ. ತಳದ್ದರಲ್ಲಿ, ಅಂಗೈಯಷ್ಟು ನೀರಿನಲ್ಲಿ ಮುದುಡಿ ಕೂತ ಒಂದು ಅಂತರಗಂಗೆ! ಕಳ್ಳಮಾಲನ್ನು ಕೋತವಾಲನೇ ಹೊತ್ತು ತಂದು ಬಸ್ಸು ಹತ್ತಿಸಿದ್ದ.

"ಅವ್ವಾ, ಮಾವಗ ಗೊತ್ತಾದ್ರ?"

"ಗೊತ್ತಾಗಬೇಕಲ್ಲ" ಎಂದಳು ಅವ್ವ, ಮತ್ತು ಅದನ್ನು ಹಿತ್ತಲ ಹಳೆಯ ಹಂಡೆಗೆ ಬಿಟ್ಟಳು.

ಹೂವು ಬಿಟ್ಟ ದಿನ ಫೋನು ಮಾಡಿದಳು. "ತಮ್ಮಾ, ನಮ್ಮ ಹಿತ್ತಲದಾಗ ನೀರ ಮ್ಯಾಲ ನೇರಳಿ ಹೂವು ಬಿಟ್ಟೈತಿ. ಏನಂತಾರ ಇದಕ್ಕ?"

ಮಾವ ಹೆಸರು ಹೇಳುವ ಗೋಜಿಗೆ ಹೋಗಲಿಲ್ಲ. "ನಿಮ್ಮೂರ ಕೆರಿ ಎಷ್ಟು ದೂರ ಐತಿ ಹಿತ್ತಲಕ್ಕ?"

"ಬಚ್ಚಲ ನೀರು ಹರದು ಅಲ್ಲಿಗೇ ಹೋಗತೈತಿ."

ಮಾವ ಮರುದಿನದ ಮೊದಲ ಬಸ್ಸಿಗೇ ಬಂದ. ಧೋತರದಂಚಿನ ಕೆಸರು ಇನ್ನೂ ಒಣಗಿರಲಿಲ್ಲ. ಕಾಲಿಗೆ ನೀರು ಹಾಕಿಕೊಳ್ಳದೆ ನೇರ ಹಿತ್ತಲಿಗೆ ನಡೆದು ಹಂಡೆಯ ಮುಂದೆ ನಿಂತ.

"ಒಂದು ಮಳಿ ಸಾಕಕ್ಕಾ. ಹಂಡೆ ತುಂಬಿ ಹರದ್ರ ಇದು ಕೆರಿ ಸೇರತೈತಿ. ನಿಮಗಿರೋದ ಒಂದು ಕೆರಿ."

"ಖರೆ ಐತಿ. ಕಿತ್ತು ಒಗಿ."

"ಮತ್ತ ಯಾಕ ತಂದಿ?"

"ನಾ ಕರದ್ರ ನೀ ಬರ್ತಿದ್ದೇನು?" ಎಂದವಳೇ ಅವ್ವ ಉತ್ತರಕ್ಕೆ ಕಾಯದೆ ರೊಟ್ಟಿ ಮಾಡಲು ಒಳಗೆ ಹೋದಳು.

ಮಾವ ಹಂಡೆಯ ನೀರನ್ನು ಅರ್ಧಕ್ಕೆ ಇಳಿಸಿದ. ಅದನ್ನು ಬಚ್ಚಲಿನಿಂದ ದೂರ ಎಳೆದು, ಸೂರಿನ ಕೆಳಗಿನ ಕಟ್ಟೆಯ ಮೇಲೆ ಏರಿಸಿಟ್ಟ. ಸುತ್ತ ಹುಟ್ಟಿದ ಮರಿಗಳನ್ನು ಬೇರು ಸಮೇತ ಎತ್ತಿ, ಬೇರು ಮೇಲೆ ಮಾಡಿ ಗೋಡೆಯ ಮೇಲೆ ಹರವಿದ. ಕೊನೆಗೆ ತಾಯಿಗಿಡವೊಂದೇ ಉಳಿಯಿತು. ಮಾವ ಅದಕ್ಕೆ ಕೈ ಹಾಕಿದ. ಹೂವು ಕಿತ್ತ, ಎಲೆಗಳನ್ನು ಒಂದೊಂದಾಗಿ ಹರಿದ, ಬೇರನ್ನು ಮೆಲ್ಲಗೆ ನೀರಿಗೆ ಬಿಟ್ಟ. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ ಹಂಡೆಯ ಮೇಲೆ ಜರಡಿ ಮುಚ್ಚಿದ.

"ಅಕ್ಕಾ, ತಗದೀನಿ" ಎಂದು ಒಳಗೆ ಕೂಗಿದ. "ಆದ್ರ ಇದನ್ನ ನಂಬಾಕ ಬರಂಗಿಲ್ಲ. ಪಂಚಮಿಗೆ ಬಂದು ಮತ್ತ ನೋಡಬೇಕಾಗತೈತಿ."

ಒಳಗಿನಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.