ಇಲಿಗೆ ಎಸಿ ಕೋಣೆ ಕಟ್ಟಿದ ಮಾವ

ನನ್ನ ಸೋದರಮಾವನ ಮಟ್ಟಿಗೆ ಈ ಭೂಮಿಯ ಮೇಲೆ ಕಟ್ಟಡಗಳು ಎರಡೇ ಬಗೆ. ಒಂದು ಅಡುಗೆಮನೆ. ಇನ್ನೊಂದು, ಅಡುಗೆಮನೆಯಾಗುವ ಯೋಗ್ಯತೆ ಇಲ್ಲದ್ದು! ಕೊಲ್ಲೂರಿಗೆ ಹೋದರೆ ನಾವೆಲ್ಲ ದೇವಿಯ ಮುಂದೆ ಕೈಮುಗಿದು ನಿಂತಿರುವಾಗ ಇವರು ಭೋಜನಶಾಲೆಯ ಹಿಂದೆ ಕತ್ತೆತ್ತಿ, ಹೊಗೆ ಎತ್ತ ಹೋಗುತ್ತದೆಂದು ನೋಡುತ್ತಿರುತ್ತಾರೆ. ನನ್ನ ಮದುವೆಯ ದಿನ ಧಾರೆಯ ಹೊತ್ತಿಗೆ ಸೋದರಮಾವ ಎಲ್ಲಿ ಎಲ್ಲಿ ಎಂದು ಹುಡುಕಿದರೆ, ಸಿಕ್ಕಿದ್ದು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ. ನೀರು ಸರಿಯಾಗಿ ಇಳಿಯುತ್ತಿಲ್ಲವೆಂದು ರೇಷ್ಮೆ ಪಂಚೆ ಎತ್ತಿ ಕಟ್ಟಿ, ಕೋಲು ಹಿಡಿದು ಮೋರಿ ಕೆದಕುತ್ತಿದ್ದರು!

ಇಂಥವರು ಒಂದು ವೈದ್ಯಕೀಯ ಸಂಶೋಧನಾ ಕೇಂದ್ರ ಕಟ್ಟಿದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಅದರ ಸುದ್ದಿಯನ್ನು ಅವರ ಕಿವಿಗೆ ಹಾಕಿದ ಪಾಪ ನನ್ನದೇ.

ಮಾವ ಮುಂಬಯಿಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರು. ಮೊಣಕಾಲು ಕೈಕೊಟ್ಟ ಮೇಲೆ (ಮೊಣಕಾಲು ಕೈ ಕೊಡುವುದೆಂದರೆ ಏನು ಎಂದು ಕನ್ನಡ ಮೇಷ್ಟರಾದ ನನ್ನನ್ನೇ ಕೇಳಬೇಡಿ) ಹೋಟೆಲನ್ನು ಪಾಲುದಾರರಿಗೆ ಒಪ್ಪಿಸಿ ಕೊಕ್ಕರ್ಣೆ ಕಡೆಯ ಮನೆಗೆ ಬಂದು ಕೂತರು. ಕೂತರು ಅಂದೆನೇ? ತಪ್ಪಾಯಿತು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿ, ಒಂದೊಂದೇ ಹೋಟೆಲಿಗೆ ನುಗ್ಗಿ ಒಳಗಿನ ವ್ಯವಸ್ಥೆಯ ಬಗ್ಗೆ ಪುಕ್ಕಟೆ ಸಲಹೆ ಕೊಡತೊಡಗಿದರು. ಒಂದು ತಿಂಗಳಲ್ಲಿ ಪೇಟೆಯ ಹೋಟೆಲಿನವರೆಲ್ಲ ಅವರ ಬಸ್ಸಿನ ಟೈಮು ಬಾಯಿಪಾಠ ಮಾಡಿಕೊಂಡರು. ಬಸ್ಸು ಬಂತೆಂದರೆ ಯಜಮಾನರು ಹಿಂಬಾಗಿಲಿನಿಂದ ಮಾಯ!

ನಾನು ಕನ್ನಡ ಪಾಠ ಮಾಡುವುದು ಅದೇ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ. ಒಂದು ಕಾಲಕ್ಕೆ ಕೆಲವು ಮನೆಗಳ ಮಕ್ಕಳನ್ನು ಶಾಲೆಯ ಜಗಲಿಯಲ್ಲೇ ಕೂರಿಸಿ ಪಾಠ ಹೇಳುತ್ತಿದ್ದರಂತೆ, ಒಳಗೆ ಬಿಡುತ್ತಿರಲಿಲ್ಲವಂತೆ. ಆ ಮಕ್ಕಳಿಗಾಗಿಯೇ ಹುಟ್ಟಿದ ಕಾಲೇಜು ಇದು. ಇಂದಿಗೂ ಹೆಚ್ಚಿನವರು ಗದ್ದೆ ಕೆಲಸದವರ ಮಕ್ಕಳೇ. ನಮ್ಮ ಪ್ರಿನ್ಸಿಪಾಲ್ ಮೇಡಮ್ಮೂ ಇಲ್ಲೇ ಓದಿದವರು. ಆಮೇಲೆ ದೂರ ಹೋಗಿ ರೋಗಾಣುಗಳ ಬಗ್ಗೆ ಡಾಕ್ಟರೇಟು ಮಾಡಿ, ಕರೆದ ದೊಡ್ಡ ದೊಡ್ಡ ಕೆಲಸಗಳನ್ನೆಲ್ಲ ಬಿಟ್ಟು ವಾಪಸು ಬಂದವರು. ಇಲಿ ಜ್ವರದ ಬಗ್ಗೆ ಸಂಶೋಧನೆ ಮಾಡಲು ಒಂದು ಲ್ಯಾಬು ಬೇಕೆಂದು ಐದಾರು ವರ್ಷ ಅರ್ಜಿ ಹಾಕಿ ಹಾಕಿ ಕೊನೆಗೂ ಸರಕಾರದಿಂದ ಮಂಜೂರು ಮಾಡಿಸಿಕೊಂಡಿದ್ದರು. ಕಟ್ಟಡ ಗೋಡೆಯವರೆಗೆ ಬರುತ್ತಿದ್ದಂತೆ ಕಂಟ್ರಾಕ್ಟರು ಬೇರೆ ದೊಡ್ಡ ಕೆಲಸ ಸಿಕ್ಕಿತೆಂದು ನಾಪತ್ತೆ!

ಈ ಸಂಗತಿಯನ್ನು ನಾನು ಮಾವನ ಎದುರು ಸುಮ್ಮನೆ ಬಾಯಿ ತಪ್ಪಿ ಹೇಳಿದೆ. ಮರುದಿನ ನಾನು ಕಾಲೇಜು ಮುಟ್ಟುವಾಗ ಅವರು ಆಗಲೇ ಅಲ್ಲಿದ್ದರು. ಕೈಯಲ್ಲಿ ನಕ್ಷೆ.

"ಹ್ವಾಯ್ ಮೇಡಮ್, ಇದ್ ಯಾರ್ ಬರ್ದದ್ದ್ ಮಾರಾಯ್ರೆ? ಎಂಜಲ್ ಬಟ್ಲ್ ಹೋಪ್ದೂ ಇದೇ ಬಾಗ್ಲಂಗೆ, ಇಡ್ಲಿ ಬಪ್ದೂ ಇದೇ ಬಾಗ್ಲಂಗೆ!"

"ಇದು ಹೋಟೆಲಲ್ಲ ಮಾವ," ಎಂದು ನಾನು ನಾಚಿ ನೀರಾದೆ.

ಮೇಡಮ್ ಮಾತ್ರ ನಕ್ಷೆಯನ್ನೇ ನೋಡುತ್ತ ನಿಂತುಬಿಟ್ಟರು. ರೋಗಾಣು ಇರುವ ವಸ್ತು ಹೊರಗೆ ಹೋಗುವ ದಾರಿ, ಶುಚಿಯಾದದ್ದು ಒಳಗೆ ಬರುವ ದಾರಿ, ಎರಡೂ ಬೇರೆ ಬೇರೆ ಇರಬೇಕಂತೆ. ಇದನ್ನೇ ತಜ್ಞರ ಸಮಿತಿಯವರು ಮೂರು ಪುಟಗಳ ಪತ್ರದಲ್ಲಿ ಬರೆದಿದ್ದರಂತೆ. ಮಾವನಿಗೆ ಒಂದು ಇಡ್ಲಿ ಸಾಕಾಯಿತು!

ಅಂದಿನಿಂದ ಮಾವನೇ ಉಸ್ತುವಾರಿ. ಮೇಸ್ತ್ರಿಯ ಗತಿ ಏನು ಹೇಳಲಿ! ಗೋಡೆ ನೆಲಕ್ಕೆ ಸೇರುವಲ್ಲಿ ಮೂಲೆಯೇ ಇರಬಾರದು, ಬಾಣಲೆಯ ತಳದ ಹಾಗೆ ಉರುಟಾಗಿರಬೇಕು ಎಂದು ಮೂರು ಸಲ ಒಡೆಸಿ ಕಟ್ಟಿಸಿದರು. "ಮೂಲೆ ಇದ್ದಲ್ ಜಿರಳೆ ಇತ್ತ್" ಎನ್ನುವುದು ಅವರ ಸಿದ್ಧಾಂತ. ಲ್ಯಾಬಿನ ಮೂಲೆಗಳು ಹಾಗೇ ಇರಬೇಕೆಂದು ನಿಯಮವೂ ಇದೆಯಂತೆ, ಮೇಡಮ್ ಹೇಳಿದರು. ಪಾತ್ರೆ ಪರಿಕರಗಳನ್ನು ಹಬೆಯಲ್ಲಿ ಬೇಯಿಸಿ ರೋಗಾಣು ಕೊಲ್ಲುವ ಆಟೋಕ್ಲೇವ್ ಎಂಬ ಯಂತ್ರ ಲಾರಿಯಲ್ಲಿ ಬಂದಿಳಿದ ದಿನ ಮಾವ ಅದರ ಹೊಟ್ಟೆ ತಟ್ಟಿ ನೋಡಿ, "ಇಡ್ಲಿ ಪಾತ್ರೆ! ಒಂದ್ ಸರ್ತಿಗೆ ನೂರಿಪ್ಪತ್ತ್ ಬೇಯತ್ತ್" ಎಂದರು. ಅದಕ್ಕೆ ಅದೇ ಹೆಸರು ನಿಂತಿತು. ಎಲೆಕ್ಟ್ರಿಷಿಯನ್ನು, ಪ್ಲಂಬರು, ಮಕ್ಕಳು, ಕೊನೆಕೊನೆಗೆ ಮೇಡಮ್ಮೂ ಫೋನಿನಲ್ಲಿ "ಇಡ್ಲಿ ಪಾತ್ರೆಗೆ ಬೇರೆ ಲೈನ್ ಬೇಕು" ಎನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ!

ಎಲ್ಲ ಸಸೂತ್ರವಾಗಿ ನಡೆಯುತ್ತಿತ್ತು. ಸರಕಾರದವರ ತಪಾಸಣೆಗೆ ಇನ್ನು ಮೂರೇ ವಾರ. ಅಷ್ಟರೊಳಗೆ ಕಟ್ಟಡ ಮುಗಿಯದಿದ್ದರೆ ಯಂತ್ರಗಳೆಲ್ಲ ಬೇರೆ ಕಾಲೇಜಿಗೆ ಹೋಗುತ್ತವೆ ಎಂದು ಕಾಗದವೂ ಬಂದಿತ್ತು. ಆಗಲೇ ಮಾವನ ಕಣ್ಣು ನಕ್ಷೆಯ ತುದಿಯಲ್ಲಿದ್ದ ಒಂದು ಕೋಣೆಯ ಮೇಲೆ ಬಿತ್ತು.

"ಇದೆಂತಕೆ?"

"ಅದು ಇಲಿಗೆ ಸರ್," ಎಂದರು ಮೇಡಮ್.

"ಇಲಿ ಒಳ್ಗ್ ಬರ್ದೇ ಇಪ್ಪುಕಾ?"

"ಅಲ್ಲ ಸರ್. ಇಲಿಗಳನ್ನ ತಂದು ಇಡುಕೆ, ಪರೀಕ್ಷೆ ಮಾಡುಕೆ. ಎಸಿ ಹಾಕ್ಕ್."

ಮಾವ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ನಲ್ವತ್ತ್ ವರ್ಷ ನಾನ್ ಬದ್ಕದ್ದೇ ಇಲಿ ಓಡ್ಸುಕೆ! ನನ್ ಹೋಟ್ಲಂಗೆ ಕೆಲ್ಸದವ್ರ್ ಫ್ಯಾನ್ ಅಡಿ ಮನಿಕಂಡಿರ್. ಇಲಿಗ್ ಎಸಿಯಾ? ನಹೀ ಚಲೇಗಾ!"

ಛತ್ರಿ ಎತ್ತಿಕೊಂಡವರೇ ಬಸ್ಸು ಹತ್ತಿ ಹೋಗಿಬಿಟ್ಟರು. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಮಾವ ಇಲ್ಲದೆ ಮೇಸ್ತ್ರಿಗೆ ಕೈಯೇ ಓಡದು. ಬೈಯುವವರಿಲ್ಲದೆ ಕೆಲಸ ಮಾಡುವುದೇ ಮರೆತುಹೋಗಿದೆ ಎಂದ! ನಾನು ಮನೆಗೆ ಹೋಗಿ ಕರೆದರೆ ಮಾವ ನನ್ನ ಮುಖವನ್ನೂ ನೋಡಲಿಲ್ಲ.

ಭಾನುವಾರ ಮೇಡಮ್ ತಾವೇ ಬರುತ್ತೇನೆಂದರು. ನನ್ನ ಸ್ಕೂಟರಿನಲ್ಲೇ ಹೋದೆವು. ಮಾವ ಎಷ್ಟು ಸಿಟ್ಟಿದ್ದರೂ ಮನೆಗೆ ಬಂದವರನ್ನು ನಿಲ್ಲಿಸುವವರಲ್ಲ. "ಬನ್ನಿ, ಒಳ್ಗ್ ಬನ್ನಿ" ಎನ್ನುತ್ತ ಸೀದಾ ಅಡುಗೆಮನೆಗೆ ನಡೆದರು. ಕುರ್ಚಿ ಇರುವ ಚಾವಡಿ ಅವರ ಕಣ್ಣಿಗೆ ಕಂಡದ್ದೇ ಇಲ್ಲ ತಾನೇ? ನಾನು ಹಿಂದೆ ಹೋದೆ. ತಿರುಗಿ ನೋಡಿದರೆ ಮೇಡಮ್ ಅಡುಗೆಮನೆಯ ಹೊಸ್ತಿಲ ಆಚೆಯೇ ನಿಂತಿದ್ದಾರೆ.

"ಎಂತ ಆಯ್ತ್ ಮೇಡಮ್?" ಎಂದರು ಮಾವ.

"ಎಂತ ಇಲ್ಲೆ ಸರ್," ಎಂದರು ಮೇಡಮ್. "ನಮ್ ಅಪ್ಪಯ್ಯ ನಿಮ್ ಮನಿ ಗದ್ದಿ ಕೆಲ್ಸಕ್ಕ್ ಬತ್ತಿದ್ದಿರ್. ಊಟ ಅಲ್ಲಿ ಹೊರ್ಗೆ, ಅಂಗಳದ್ ಕೊಡಿಯಂಗೆ. ಒಳ್ಗ್ ಹ್ಯಾಂಗ್ ಇತ್ತ್ ಅಂದ್ ಅವ್ರಿಗ್ ಗೊತ್ತಿರ್ಲಿಲ್ಲೆ."

ಮಾವ ಚಹಾದ ಪಾತ್ರೆಯನ್ನು ಒಲೆಯ ಮೇಲಿಟ್ಟರು.

"ನಟ್ಟಿ ಸಮಯ, ಜ್ವರ ಬಂತ್," ಮೇಡಮ್ ಮೆಲ್ಲನೆ ಹೇಳಿದರು. "ಮಳೆಗೆ ನೆನ್ದದ್ದಕ್ಕೆ ಅಂದ್ ಮಾಡ್ದೋ. ಆಸ್ಪತ್ರಿಗ್ ಹಾಕ್ದೋ. ರಕ್ತ ದೂರದ್ ಊರಿಗ್ ಕಳ್ಸಿರ್. ಐದ್ನೇ ದಿನ ಅಪ್ಪಯ್ಯ ಹೋಯ್ರ್. ಕ್ರಿಯೆ ಎಲ್ಲ ಮುಗ್ದ್ ಮೇಲೆ ರಿಪೋರ್ಟ್ ಬಂತ್, ಇಲಿ ಜ್ವರ ಅಂದ್. ನಾ ಆಗ ಪಿಯುಸಿ. ರಿಪೋರ್ಟ್ ಓದುಕ್ ಬಪ್ಪದ್ ಮನಿಯಂಗೆ ನಂಗ್ ಒಬ್ಳಿಗೇ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮಾವ ಚಹಾಪುಡಿ ಹಾಕುವುದನ್ನೇ ಮರೆತರು. ಜೀವಮಾನದಲ್ಲಿ ಮೊದಲ ಸಲ ಇರಬೇಕು!

"ನನ್ ಹೋಟ್ಲಂಗೆ," ಎಂದರು ಆಮೇಲೆ, "ಚಾ ಎರ್ಡ್ ನಿಮಿಷ ತಡ ಆದ್ರೆ ಗಿರಾಕಿ ಎದ್ದ್ ಹೋತಿದ್ದ..." ಮೂರು ಲೋಟ ತೆಗೆದು ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು. "ಒಳ್ಗ್ ಬಂದ್ ಕೂಕಣಿ ಮಗಾ," ಎಂದರು. ಅಲ್ಲಿಯವರೆಗೆ ಅವರಿಗೆ ಮೇಡಮ್ ಮೇಡಮ್ಮೇ ಆಗಿದ್ದರು.

ಸೋಮವಾರ ಬೆಳಿಗ್ಗೆ ಮಾವ ಮೇಸ್ತ್ರಿಗೆ ಬೈಯುವ ಸ್ವರ ಗೇಟಿನವರೆಗೆ ಕೇಳಿಸಿತು. ಕಾಲೇಜಿಗೇ ಜೀವ ಬಂತು! ಇಲಿಯ ಕೋಣೆಗೆ ಉರುಟು ಮೂಲೆ, ಎರಡೆರಡು ಬಾಗಿಲು, ಎಸಿ. ಗಾಳಿ ಸಾಕಾಗುತ್ತದೋ ಇಲ್ಲವೋ ಎಂದು ಮಾವ ಸ್ವತಃ ಒಳಗೆ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತು ನೋಡಿದರು. ಹೊರಗೆ ಬಂದು, "ಬರೀ ಇಲಿಗ್ ಕೊಡುಕೆ ಬೇಜಾರ್ ಆತ್ತ್" ಎಂದರು!

ತಪಾಸಣೆಯವರು ಬಂದರು. ನಗರಪಾಲಿಕೆಯ ಇನ್ಸ್‌ಪೆಕ್ಟರುಗಳನ್ನು ನಲವತ್ತು ವರ್ಷ ಕಂಡ ಮಾವ ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು. ಹಿರಿಯ ಅಧಿಕಾರಿಯೊಬ್ಬರು ಮೇಸ್ತ್ರಿಯನ್ನು ಕೇಳಿದರು, "ಆಟೋಕ್ಲೇವ್ ಎಲ್ಲಿದೆ?" ಮೇಸ್ತ್ರಿ ತಲೆ ಕೆರೆದುಕೊಂಡ. "ಅಂಥದ್ದ್ ನಮ್ಮಲ್ಲಿಲ್ಲೆ ಸರ್. ಇಡ್ಲಿ ಪಾತ್ರೆ ಬೇಕಾರೆ ಇತ್ತ್!" ಅಧಿಕಾರಿ ಯಂತ್ರವನ್ನು ನೋಡಿದರು, ಮೇಡಮ್ಮನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಪ್ಪಿಗೆ ಸಿಕ್ಕಿತು.

ಲ್ಯಾಬು ಶುರುವಾದ ಮೇಲಿನ ಮೊದಲ ಮಳೆಗಾಲ. ಗದ್ದೆ ಕೆಲಸದ ಒಬ್ಬ ಹೆಂಗಸಿಗೆ ಜ್ವರವೆಂದು ಸರಕಾರಿ ಆಸ್ಪತ್ರೆಯ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕಳುಹಿಸಿದರು. ಸುದ್ದಿ ಹೇಗೆ ತಿಳಿಯಿತೋ, ಒಂಬತ್ತೂವರೆಗೆ ಮಾವ ಹಾಜರು. ಲ್ಯಾಬಿನ ಎದುರಿನ ಬೆಂಚಿನಲ್ಲಿ ಕೂತರು. ಊಟಕ್ಕೆ ಕರೆದೆ, ಏಳಲಿಲ್ಲ. ಕ್ಯಾಂಟೀನಿನ ಸಾರು ಸೀದ ವಾಸನೆ ಬಂತು, ಆಗಲೂ ಏಳಲಿಲ್ಲ! ಆಗ ನನಗೆ ನಿಜಕ್ಕೂ ಗಾಬರಿಯಾಯಿತು.

ಎರಡೂವರೆಗೆ ಮೇಡಮ್ ಕಾಗದ ಹಿಡಿದು ಹೊರಗೆ ಬಂದರು. "ಇಲಿ ಜ್ವರವೇ ಸರ್. ಡಾಕ್ಟ್ರಿಗ್ ಫೋನ್ ಮಾಡ್ದೆ. ಸರಿಯಾದ್ ಮದ್ದ್ ಈಗ್ಲೇ ಶುರು ಮಾಡ್ತ್ರ್. ರೋಗ ಬೇಗ ಗೊತ್ತಾಯ್ತ್, ಎಂತ ಹೆದ್ರಿಕಿಲ್ಲೆ ಅಂದ್ರ್."

ಮಾವ ಗಡಿಯಾರ ನೋಡಿದರು. ಒಂಬತ್ತರಿಂದ ಎರಡೂವರೆಗೆ ಎಷ್ಟು ಗಂಟೆ ಎಂದು ಬೆರಳು ಮಡಚಿ ಲೆಕ್ಕ ಹಾಕಿದರು.

"ಮಗಾ, ನಿಮ್ ಅಪ್ಪಯ್ಯನ ಹೆಸ್ರೆಂತ?"

"ಮಂಜ, ಸರ್. ನಿಮ್ ಮನಿಯಂಗೆ ಎಲ್ಲರೂ ಮಂಜ ಅಂದೇ ಕರಿತಿದ್ದಿರ್."

ಮಾವ ಮೊಣಕಾಲ ಮೇಲೆ ಕೈಯೂರಿ ಎದ್ದು ನಿಂತರು.

"ಮಂಜಣ್ಣ," ಎಂದರು.