ಬೀಗತಿಗೆ ನಾನು ಹೇಳಿದ ಸ್ಪ್ಯಾನಿಷ್

ವಯಸ್ಸಾದ ಮೇಲೆ ಕಲಿಯಲು ಹೋಗಬಾರದ ವಿದ್ಯೆಗಳು ಕೆಲವಿವೆ. ಈಜು, ಸೈಕಲ್ಲು, ಮತ್ತು ಬೀಗರ ಭಾಷೆ. ಸೈಕಲ್ಲಿನಿಂದ ಬಿದ್ದವನನ್ನು, ನೀರಿನಲ್ಲಿ ಮುಳುಗಿದವನನ್ನು ಯಾರಾದರೂ ಓಡಿ ಬಂದು ಎತ್ತುತ್ತಾರೆ. ಬೀಗರ ಭಾಷೆಯಲ್ಲಿ ಮುಳುಗಿದವನನ್ನು ಮಾತ್ರ ಎಲ್ಲರೂ ಸುತ್ತ ಕುಳಿತು ನೋಡುತ್ತಾರೆ, ಅದರಲ್ಲೂ ಹೆಂಡತಿಯ ತವರಿನವರು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿರುತ್ತಾರೆ. ಆಳಂದದ ಕಾಲೇಜಿನಲ್ಲಿ ಸರ್ವಿಸು ಪೂರ್ತಿ ಇಂಗ್ಲಿಷ್ ಕಲಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದ ಶಿವಶರಣಪ್ಪ ಎಂಬ ನಾನು ಇದನ್ನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ನಮ್ಮ ಮಗಳು ಭಾಗ್ಯಾ ಸಿವಿಲ್ ಇಂಜಿನಿಯರು. ಅಫಜಲಪುರದ ಕಡೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳನ್ನು ನಿಲ್ಲಿಸುವ ಕೆಲಸ ನಡೆದಾಗ ಅವಳು ಬುನಾದಿ ಹಾಕಿಸುತ್ತಿದ್ದಳು. ಅದರ ಮೇಲೆ ಫ್ಯಾನು ಕೂರಿಸಲು ಸ್ಪೇನ್ ದೇಶದಿಂದ ಬಂದವನು ರಮೋನ್. ಬುನಾದಿ ಗಟ್ಟಿಯಾಗಿತ್ತೆಂದು ಕಾಣುತ್ತದೆ, ವಿಷಯ ಮದುವೆಯ ಮಾತಿಗೆ ಬಂತು. ಹುಡುಗ ಒಳ್ಳೆಯವನು. ರೊಟ್ಟಿ, ಶೇಂಗಾ ಹಿಂಡಿ ಕಂಡರೆ ಕಣ್ಣರಳಿಸುತ್ತಾನೆ, "ಹೌದ್ರಿ ಮಾವಾರ" ಎನ್ನುತ್ತಾನೆ. ನನ್ನ ಹೆಂಡತಿ ಮಹಾದೇವಿ ಮೊದಲ ದಿನವೇ ಅವನನ್ನು "ರಾಮಣ್ಣ" ಎಂದು ಕರೆದು ಆ ಪ್ರಕರಣವನ್ನು ಮುಗಿಸಿದಳು. ಇನ್ನು ಇಲ್ಲೇ ನೆಲೆಸುತ್ತೇನೆ ಎಂದು ಅವನು ಹೇಳಿದಾಗ ನಮಗೆ ಎಷ್ಟು ಸಂತೋಷವಾಯಿತೋ, ಅಲ್ಲಿ ಅವನ ತಾಯಿಗೆ ಅಷ್ಟೇ ಸಂಕಟವಾಗಿತ್ತು. ಇರುವವನೊಬ್ಬ ಮಗ. ಊರು ನೋಡಿ, ಮನೆ ನೋಡಿ, ಆಮೇಲೆ ಹೂಂ ಅನ್ನುವುದೋ ಬೇಡವೋ ಹೇಳುತ್ತೇನೆ ಎಂದು ಆಕೆ ಒಬ್ಬರೇ ವಿಮಾನ ಹತ್ತುವವರಿದ್ದರು.

"ಅಪ್ಪಾ, ನಮ್ಮ ಅತ್ತಿಯವ್ರಿಗಿ ಇಂಗ್ಲಿಷ್ ಒಂದಕ್ಷರ ಬರೂದಿಲ್ಲ. ಮಗನ್ನ ಕಳಕೊಂಡೆ ಅಂತ ಮನಸಿನ್ಯಾಗ ಕೊರಗಾಕತ್ತಾರ. ನಮ್ಮನ್ಯಾಗ ಒಬ್ಬರಾದ್ರೂ ಅವರ ಭಾಷಾದಾಗ ನಾಕು ಮಾತು ಹೇಳಿದ್ರ ಎಷ್ಟು ಛಲೋ ಆಗ್ತದ," ಎಂದಳು ಭಾಗ್ಯಾ. ಮಗಳ ಕಣ್ಣಲ್ಲಿ ನೀರು ನೋಡಿ, "ನಾ ಇದ್ದೇನಿ ಅಲ್ಲವ್ವ, ಅದೇನು ದೊಡ್ಡ ಮಾತು!" ಎಂದುಬಿಟ್ಟೆ. ಒಳಗಿನಿಂದ ಮಹಾದೇವಿ, "ನಿಮ್ಮಪ್ಪಗ ಭಾಷಣದ ಕೆಲಸ ಹಚ್ಚಬ್ಯಾಡ ಬೇ, ಬೀಗತಿ ಓಡಿ ಹೋಗ್ಯಾಳು," ಎಂದಳು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ರಮೋನ್ ನನಗೆ ಕಲಿಸಿದ್ದು ಎರಡೇ ವಾಕ್ಯ. "ಎಸ್ತಾ ಎಸ್ ಸು ಕಾಸಾ," ಅಂದರೆ ಇದು ನಿಮ್ಮದೇ ಮನೆ. "ಸು ಇಹೊ ಎಸ್ ನ್ವೆಸ್ತ್ರೊ ಇಹೊ," ಅಂದರೆ ನಿಮ್ಮ ಮಗ ನಮ್ಮ ಮಗನೂ ಹೌದು. ನೋಡಿದರೆ ಎರಡನೆಯ ತರಗತಿಯ ಹುಡುಗನೂ ಹೇಳುವಂಥವು. ಆದರೆ ನನ್ನ ಬಾಯಿ ಸಾಮಾನ್ಯ ಬಾಯಿಯಲ್ಲ, ತರಬೇತಾದ ಬಾಯಿ. ಹೊಸದಾಗಿ ಮೇಷ್ಟ್ರಾಗಿದ್ದಾಗ ಹೈದರಾಬಾದಿನಲ್ಲಿ ಇಂಗ್ಲಿಷ್ ಉಚ್ಚಾರಣೆಯ ಒಂದು ಶಿಬಿರಕ್ಕೆ ಕಳಿಸಿದ್ದರು. ಅಲ್ಲಿ ತುಟಿಯ ಮುಂದೆ ಕಾಗದದ ಚೂರು ಹಿಡಿದುಕೊಂಡು ಮಾತಾಡಬೇಕಿತ್ತು. ಪ, ಟ, ಕ ಅಂದಾಗ ಕಾಗದ ಪಟಪಟ ಅಲುಗಾಡಿದರೆ ಪಾಸು. 'ರ' ಬಂದಲ್ಲಿ ನಾಲಿಗೆ ಎಲ್ಲಿಯೂ ತಾಗದೆ ಗಾಳಿಯಲ್ಲಿ ನಿಲ್ಲಬೇಕು. ನಮ್ಮೂರು ಸರಸಂಬಾದ ಹೊಲದಲ್ಲಿ ಎತ್ತುಗಳ ಹಿಂದೆ "ಹರ್ರ್ರ್" ಎನ್ನುತ್ತಾ ಬೆಳೆದ ನಾಲಿಗೆಯನ್ನು ಬಗ್ಗಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಮೇಲೆ ಹುಡುಗರು ನನ್ನನ್ನು ಲಂಡನ್ ಸರ್ ಎನ್ನತೊಡಗಿದರು. ಅವರು ಹಿಂದಿನಿಂದ ನಗುತ್ತಿದ್ದರು ಎನ್ನುವುದು ಬೇರೆ ಮಾತು, ಹೆಸರು ಮಾತ್ರ ನನಗೆ ಇಷ್ಟವಾಗಿತ್ತು.

ಈಗ ಅದೇ ಕಾಗದ ಮತ್ತೆ ಕೈಗೆ ಬಂತು. ಸ್ಪ್ಯಾನಿಷ್‌ನಲ್ಲಿ ಕಾಗದ ಅಲುಗಾಡಕೂಡದು! "ಮಾವಾರ, ಗಾಳಿ ಬ್ಯಾಡ್ರಿ, ಗಾಳಿ ಬ್ಯಾಡ," ಎಂದು ಗಾಳಿಯಿಂದಲೇ ಹೊಟ್ಟೆ ಹೊರೆಯುವ ಆ ಹುಡುಗ ನನಗೆ ಕೈ ಮುಗಿಯುತ್ತಿದ್ದ. ನಾನು "ಕಾಸಾ" ಎಂದರೆ ಅದು "ಖಾಝಾ" ಆಗಿ ಹೊರಬಂದು ಕಾಗದ ಹಾರಿ ಅವನ ಚಹಾದ ಕಪ್ಪಿಗೆ ಬೀಳುತ್ತಿತ್ತು. "ನ್ವೆಸ್ತ್ರೊ"ದಲ್ಲಿದ್ದ 'ರ' ಗಂಟಲಿನೊಳಗೆ ಎಲ್ಲೋ ಕರಗಿ ಹೋಗುತ್ತಿತ್ತು. ಹಳೆಯ ನಾಲಿಗೆಯನ್ನು ಎಬ್ಬಿಸೋಣವೆಂದು ಬೆಳಿಗ್ಗೆ ಮಾಳಿಗೆ ಹತ್ತಿ "ಹರ್ರ್ರ್, ಹರ್ರ್ರ್" ಎಂದು ಅಭ್ಯಾಸ ಶುರು ಮಾಡಿದೆ. ಪಕ್ಕದ ಮನೆಯ ಬಸಣ್ಣ ಗೋಡೆಯ ಮೇಲಿಂದ ಇಣುಕಿ, "ಸರ್, ಎತ್ತು ಮಾಳಗಿ ಮ್ಯಾಲ ಹೆಂಗ ಏರಿಸಿದ್ರಿ?" ಎಂದು ಬಹಳ ಕಾಳಜಿಯಿಂದ ಕೇಳಿದರು. ಅಂತೂ ಕಟ್ಟೆಯ ಮೇಲೆ ಆರಾಮಾಗಿ ಕುಳಿತು ಹೇಳಿದಾಗ ವಾಕ್ಯಗಳು ಸರಿಯಾಗಿ ಬರತೊಡಗಿದವು. ರಮೋನ್ ಹೆಬ್ಬೆರಳೆತ್ತಿ "ಭಾಳ ಛಲೋ ರಿ" ಎಂದ ದಿನ ನಾನು ಊಟಕ್ಕೆ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಬೀಗತಿ ರೊಸಾರಿಯೊ ಬಂದರು. ತೆಳ್ಳಗಿನ ಹೆಂಗಸು, ಮಗನ ತೋಳು ಬಿಡದೆ ಹಿಡಿದಿದ್ದರು. ಕೊಟ್ಟ ಚಹಾ ಕುಡಿದರು, ಕೇಳಿದ್ದಕ್ಕೆಲ್ಲ ಸಣ್ಣಗೆ ನಕ್ಕರು, ಆದರೆ ಆ ನಗು ಬಾಯಿಂದ ಮೇಲೆ ಹೋಗಲಿಲ್ಲ. ಅವರಿಗೆ ಉಡಿ ತುಂಬಬೇಕೆಂದು ಮಹಾದೇವಿ ಜೇವರ್ಗಿಯಿಂದ ತನ್ನ ತವರಿನವರನ್ನೆಲ್ಲ ಕರೆಸಿದ್ದಳು. ಪಡಸಾಲೆ ತುಂಬಿತ್ತು. ಭಾಗ್ಯಾ ನನ್ನತ್ತ ನೋಡಿ ತಲೆಯಾಡಿಸಿದಳು. ನಾನು ಎದ್ದು ನಿಂತೆ, ಅಲ್ಲೇ ಕೆಲಸ ಕೆಟ್ಟಿತು. ನಾಲ್ಕು ಮಂದಿಯ ಮುಂದೆ ಎದ್ದು ನಿಂತರೆ ಸಾಕು, ನನ್ನ ಬಾಯಿಗೆ ಕಾಲೇಜಿನ ಗಂಟೆ ಹೊಡೆದುಬಿಡುತ್ತದೆ. ಎದೆಯುಬ್ಬಿತು, ಕೈ ಬೆನ್ನ ಹಿಂದೆ ಹೋಯಿತು, ನಾಲಿಗೆ ಹೈದರಾಬಾದಿಗೆ ಹೋಯಿತು. ಎರಡೂ ವಾಕ್ಯಗಳನ್ನು ಗಂಭೀರವಾಗಿ, ಬೇಕಾದಷ್ಟು ಗಾಳಿ ಸೇರಿಸಿ, ಒಂದು ಸಲ ಸಾಲದೆಂದು ಎರಡು ಸಲ ಹೇಳಿದೆ.

ಬೀಗತಿ ಗೌರವದಿಂದ ಕೇಳಿಸಿಕೊಂಡರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಆಮೇಲೆ ಮಗನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಅವನು ಕೆಂಪಾದ. ಅವನು ಭಾಗ್ಯಾಳಿಗೆ ಹೇಳಿದ, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾಯಿಗೆ ಹೇಳಿದಳು. "ಏನಂದ್ರು? ಏನಂದ್ರು?" ಎಂದು ನಾನು ಕೇಳಿದರೆ ಯಾರೂ ತಿರುಗಿ ನೋಡಲಿಲ್ಲ. ನನ್ನ ಎರಡು ವಾಕ್ಯಗಳಿಂದ ಮಗಳ ಮದುವೆಯೇ ಮುರಿಯಿತೇನೋ ಎಂದು ಹೆದರಿ ಕುಳಿತುಬಿಟ್ಟೆ.

ಉಡಿ ತುಂಬುವುದು ಶುರುವಾಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಎಲ್ಲ ಬೀಗತಿಯ ಮಡಿಲಿಗೆ ಬಿದ್ದವು. ಅವರು ಅದನ್ನು ಮಗುವನ್ನು ಹಿಡಿದಷ್ಟು ಜೋಪಾನವಾಗಿ ಹಿಡಿದು ಕುಳಿತರು. ಇನ್ನು ನಮ್ಮ ಕಡೆಯ ಹೆಂಗಸರು ಒಡಪು ಹೇಳಿಸದೆ ಬಿಡುತ್ತಾರೆಯೇ? ಗಂಡನ ಹೆಸರನ್ನು ಬರಿದೇ ಹೇಳದೆ ಪ್ರಾಸದಲ್ಲಿ ಹೆಣೆದು ಹೇಳಬೇಕು. ಮಹಾದೇವಿಯ ಅತ್ತಿಗೆ, "ಮೊದಲ ನೀ ಹೇಳವ್ವ, ಬೀಗತಿಗಿ ತಿಳೀಲಿ," ಎಂದಳು. ಇಷ್ಟು ವರ್ಷ ನನ್ನ ಹೆಸರಿಗೆ ಚಂದ್ರ, ಸೂರ್ಯ, ಮಲ್ಲಿಗೆ ಎಲ್ಲ ಹಚ್ಚಿದವಳು ಮಹಾದೇವಿ. ಅಂದು ಮಾತ್ರ ನನ್ನನ್ನೊಮ್ಮೆ ಓರೆಗಣ್ಣಿನಿಂದ ನೋಡಿ ಹಾಡಿದಳು:

"ಹೋಳಿಗಿ ಮ್ಯಾಲ ತುಪ್ಪ, ಸಾರಿನ್ಯಾಗ ಉಪ್ಪ,
ಸ್ಪೇನದ ಬೀಗತಿಗಿ ಇಂಗ್ಲಿಷ ಉಣಿಸ್ಯಾರ ನಮ್ಮ ಶಿವಶರಣಪ್ಪ!"

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಆಗ ನನಗೆ ವಿಷಯ ಗೊತ್ತಾಯಿತು. ಬೀಗತಿ ಮಗನ ಕಿವಿಯಲ್ಲಿ ಹೇಳಿದ್ದು ಇಷ್ಟು: "ನಿನ್ನ ಮಾವನವರ ಇಂಗ್ಲಿಷ್ ಬಹಳ ಚೆನ್ನಾಗಿದೆ. ಆದರೆ ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ದಯವಿಟ್ಟು ಅವರಿಗೆ ತಿಳಿಸು."

ಒಡಪನ್ನು ರಮೋನ್ ತನ್ನ ತಾಯಿಗೆ ಬಿಡಿಸಿ ಹೇಳಿದ. ನಾನು ಹೇಳಿದ್ದು ಸ್ಪ್ಯಾನಿಷ್ ಎಂದೂ, ಅದರ ಅರ್ಥ ಇಂಥದೆಂದೂ ಹೇಳಿದ. ಆಕೆ ಒಂದು ಕ್ಷಣ ನನ್ನನ್ನು ನೋಡಿದರು, ಆಮೇಲೆ ನಗತೊಡಗಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು. ನಗುವಿನ ನೀರು ಎಲ್ಲಿ ಮುಗಿದು ಬೇರೆಯದು ಎಲ್ಲಿ ಶುರುವಾಯಿತೋ ಯಾರಿಗೂ ತಿಳಿಯಲಿಲ್ಲ. ಮಹಾದೇವಿ, "ಅಳಬ್ಯಾಡ್ರಿ ಅಕ್ಕಾರ, ಇದು ನಿಮ್ಮದಾ ಮನಿ," ಎಂದು ಅವರ ಕೈ ಹಿಡಿದುಕೊಂಡಳು. ಆ ಕನ್ನಡಕ್ಕೆ ಯಾರೂ ಅನುವಾದ ಮಾಡಲಿಲ್ಲ, ಆಕೆ ಕೇಳಲೂ ಇಲ್ಲ. ಅವತ್ತು ಸಂಜೆಯೇ ಮಗನಿಗೆ ಹೂಂ ಎಂದರು. ಹೊರಡುವ ದಿನ ಬಾಗಿಲಲ್ಲಿ ನಿಂತು, ಮಹಾದೇವಿ ಕಲಿಸಿದಂತೆ, "ಹೋಗಿ ಬರ್ತೇನ್ರಿ," ಎಂದರು. ಆ 'ರ' ಎಷ್ಟು ಗಟ್ಟಿಯಾಗಿತ್ತೆಂದರೆ ಸರಸಂಬಾದ ಎತ್ತುಗಳು ಕೇಳಿದ್ದರೆ ಹೆಜ್ಜೆ ಕಿತ್ತಿಡುತ್ತಿದ್ದವು.

ಈಗ ಆಕೆ ತಮ್ಮ ಊರಲ್ಲೆಲ್ಲ ಬೀಗರ ಇಂಗ್ಲಿಷ್ ಹೊಗಳಿಕೊಂಡು ತಿರುಗುತ್ತಿದ್ದಾರಂತೆ. ಭಾಗ್ಯಾ ಇದನ್ನು ನಗುತ್ತಾ ಹೇಳುತ್ತಾಳೆ. ನಾನು ಮೇಲೆ ಮೇಲೆ ಮುನಿಸು ತೋರಿಸಿದರೂ, ನಿಮ್ಮ ಮುಂದೆ ಮುಚ್ಚಿಡುವುದೇಕೆ, ಒಳಗೊಳಗೇ ಖುಷಿ. ಸರ್ವಿಸು ಪೂರ್ತಿ ಆಳಂದದಲ್ಲಿ ಒಬ್ಬರೂ ಕೊಡದ ಸರ್ಟಿಫಿಕೇಟು ಯುರೋಪಿನಿಂದಲೇ ಬಂದಿದೆ. ಕೊಟ್ಟವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದೊಂದೇ ಅದರಲ್ಲಿರುವ ಕೊರತೆ.