‘ಬಂದು ಕಾಣತಕ್ಕದ್ದು’ ಪತ್ರವನ್ನು ಹಿಂಪಡೆದು ಹಸಿರು ಸಹಿಯನ್ನು ಮಾನ್ಯ ಮಾಡುವ ಬಗ್ಗೆ

ತೋಟದ ಕಣಿವೆ ಸಮುದಾಯ ಕಾಲೇಜು
ಮೊದಲ ತಲೆಮಾರಿನ ವಿದ್ಯಾರ್ಥಿಗಳ ಬೆಂಬಲ ಕಚೇರಿ
ಕೊಠಡಿ ೧೧೪ (ಗುರುವಾರದಿಂದ: ಕೊಠಡಿ ೧೧೪ರ ಹೊರಗಿನ ಪಡಸಾಲೆ)

ಸಂಖ್ಯೆ: ಬೆಂಕ/ಸುತ್ತೋಲೆ/ಹಸಿರು/೦೧
ದಿನಾಂಕ: ಅಕ್ಟೋಬರ್ ೧೭, ಶುಕ್ರವಾರ, ಸಂಜೆ ೪-೦೫ಕ್ಕೆ ಬರೆಯಲು ಆರಂಭಿಸಿದ್ದು

ವಿಷಯ: ವಿದ್ಯಾರ್ಥಿಗಳನ್ನು ಕಚೇರಿಗೆ ಕರೆಯುವ ಕ್ರಮ, ಅವರು ತಂದ ತಿಂಡಿಯನ್ನು ತಿನ್ನುವ ಕ್ರಮ ಹಾಗೂ ಇತರೆ.

ಉಲ್ಲೇಖ:
೧. ಈ ಕಚೇರಿಯ ಪತ್ರ, ನಮೂನೆ ೧ (ನಮೂನೆ ೨ ಎಂಬುದು ಇರುವುದಿಲ್ಲ).
೨. ಕುಮಾರಿ ಎರೆಂದಿರಾ ತ್ಸಿಂತ್ಸುನ್ ಅವರು ತಿಂಡಿಯ ತಟ್ಟೆಯ ಅಡಿಯಲ್ಲಿಟ್ಟಿದ್ದ ಚೀಟಿ (ಜಿಡ್ಡು ಹಿಡಿದಿದೆ, ಓದಲು ಬರುತ್ತದೆ).
೩. ದಾಖಲಾತಿ ವಿಭಾಗದ ಶ್ರೀಮತಿ ವಿಲ್ಮಾ ಡೈಕ್‌ಸ್ಟ್ರಾ ಅವರ ಮೌಖಿಕ ಆಕ್ಷೇಪಣೆ, ಇಂದು ಮಧ್ಯಾಹ್ನ ೩-೫೦.

ಪ್ರಸ್ತಾವನೆ:

ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ತಾವೇ ಮೊದಲಿಗರಾದ ವಿದ್ಯಾರ್ಥಿಗಳು ಹೆದರದಂತೆ ನೋಡಿಕೊಳ್ಳುವುದು ಈ ಕಚೇರಿಯ ಏಕೈಕ ಕೆಲಸವಾಗಿರುತ್ತದೆ. ಕೆಳಗೆ ಸಹಿ ಮಾಡಿರುವ ಸಂಯೋಜಕಿಯವರು (ಇನ್ನು ಮುಂದೆ ‘ಸಹಿದಾರರು’) ಹತ್ತು ವರ್ಷಗಳಿಂದ ಈ ಕೆಲಸಕ್ಕಾಗಿಯೇ ಸಂಬಳ ಪಡೆಯುತ್ತಿದ್ದಾರೆ. ಆದಾಗ್ಯೂ ಈ ಕೆಳಕಂಡ ಘಟನೆ ಈ ಕಚೇರಿಯಿಂದಲೇ ನಡೆದಿರುತ್ತದೆ.

ಅಂಗರಚನಾ ಶಾಸ್ತ್ರದ ಅಧ್ಯಾಪಕರಾದ ಶ್ರೀ ಗನ್ನಾರ್ ಸೋಲ್ಬರ್ಗ್ ಅವರು ತಮ್ಮ ತರಗತಿಯ ಕುಮಾರಿ ಎರೆಂದಿರಾ ಅವರಿಗೆ ಇನ್ನೂರ ಆರು ಮೂಳೆಗಳ ಹೆಸರೂ ತಪ್ಪಿಲ್ಲದೆ ಬರುವುದನ್ನು ಕಂಡು ಬೆರಗಾಗಿ, ಆಕೆಯನ್ನು ಉಳಿದ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಕೆಲಸಕ್ಕೆ ಶಿಫಾರಸು ಮಾಡಲು ಬಯಸಿದರು. ಇದಕ್ಕಿರುವ ಅರ್ಜಿಯಲ್ಲಿ ಮೂರೇ ಕಾಲಂ ಇರುವುದರಿಂದ (ಗೈರುಹಾಜರಿ, ಕಡಿಮೆ ಅಂಕ, ಇತರೆ) ಅವರು ‘ಇತರೆ’ ಎಂಬಲ್ಲಿ ‘ಅಸಾಮಾನ್ಯ, ಬೇಗ ಗಮನಿಸಿ’ ಎಂದು ಬರೆದರು. ಗಣಕಯಂತ್ರವು ‘ಬೇಗ’ ಎಂಬುದನ್ನು ಕಂಡು ಕೆಂಪು ಗುರುತು ಹಾಕಿ ನಮೂನೆ ೧ನ್ನು ರವಾನಿಸಿತು. ನಮೂನೆ ೧ರ ಪೂರ್ಣ ಪಾಠ ಹೀಗಿದೆ: ‘ತಾವು ಕೂಡಲೇ ಈ ಕಚೇರಿಗೆ ತಪ್ಪದೆ ಬಂದು ಕಾಣತಕ್ಕದ್ದು.’

ಕುಮಾರಿ ಎರೆಂದಿರಾ ಅವರ ತಾಯಿ ಶ್ರೀಮತಿ ಎರ್ಮಿನಿಯಾ ಅವರು ಇಪ್ಪತ್ತಾರು ವರ್ಷಗಳಿಂದ ಊರಾಚೆಯ ಸೇಬಿನ ಶೆಡ್ಡಿನಲ್ಲಿ ಪೆಟ್ಟಿಗೆ ತುಂಬುತ್ತಿದ್ದಾರೆ. ಅಲ್ಲಿ ಯಾರನ್ನಾದರೂ ಆಫೀಸಿಗೆ ಕರೆದರೆಂದರೆ ಕೆಲಸ ಹೋಯಿತೆಂದೇ ಅರ್ಥ. ಹಾಗೆ ಹೋಗುವವರು ಏಪ್ರನ್ ಒಗೆದು ಮಡಚಿ, ಬಿಲ್ಲೆ ಹಿಂದಿರುಗಿಸಿ, ಸಾಲಿನಲ್ಲಿ ಜೊತೆಗೆ ದುಡಿದವರಿಗೆಲ್ಲ ತಿನ್ನಲು ಏನಾದರೂ ತಂದುಕೊಟ್ಟು, ಕಾರಣ ಕೇಳದೆ ಹೊರಡುವುದು ಅಲ್ಲಿಯ ಮರ್ಯಾದೆ. ಮಗಳೂ ಮರ್ಯಾದಸ್ಥೆ. ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಇಸ್ತ್ರಿ ಮಾಡಿದ ಪ್ರಯೋಗಾಲಯದ ಬಿಳಿ ಕೋಟು, ಅಲ್ಲಿಯದೇ ರಕ್ಷಣಾ ಕನ್ನಡಕ, ಗ್ರಂಥಾಲಯದ ಎರಡು ಪುಸ್ತಕ, ಗುರುತಿನ ಚೀಟಿ, ತಾನಾಗಿ ಕಾಲೇಜು ಬಿಡುತ್ತಿರುವುದಾಗಿ ಭರ್ತಿ ಮಾಡಿದ ಅರ್ಜಿ, ಹಾಗೂ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಮೂವತ್ತಾರು ಬಿಸಿ ಟಮಾಲೆ ಇದ್ದ ದೊಡ್ಡ ತಟ್ಟೆ ಕಂಡುಬಂದವು.

ಕಚೇರಿಯು ಮೊದಲು ಟಮಾಲೆಯನ್ನು ಗಮನಕ್ಕೆ ತೆಗೆದುಕೊಂಡಿತು.

ಸಹಿದಾರರು ಎರಡು ತಿಂದಿದ್ದಾರೆಂದು ಮೊದಲು ವರದಿಯಾಗಿತ್ತು. ಸಿಪ್ಪೆ ಎಣಿಸಲಾಗಿ ಐದು ಎಂದು ತಿದ್ದಲಾಗಿದೆ. ಕಾಲೇಜು ಬಿಡುವ ಅರ್ಜಿಯು ತಾನಾಗಿಯೇ ಮುಂದಿನ ಮೇಜಿಗೆ ಹೋಗಿ ಮಂಜೂರಾಯಿತು. ಬುಧವಾರ ತಟ್ಟೆ ತೊಳೆಯಲು ಎತ್ತಿದಾಗ ಅಡಿಯಲ್ಲಿ ಚೀಟಿ ಸಿಕ್ಕಿತು. ಅದನ್ನು ಇಲ್ಲಿ ಯಥಾವತ್ತಾಗಿ ನಮೂದಿಸಲಾಗಿದೆ:

‘ಮೇಡಂ, ಒಂದು ವರ್ಷ ಓದೋಕೆ ಬಿಟ್ರಲ್ಲ, ಎಲ್ರಿಗೂ ಥ್ಯಾಂಕ್ಸ್. ಏನ್ ತಪ್ಪು ಮಾಡ್ದೆ ಅಂತ ಗೊತ್ತಾಗ್ಲಿಲ್ಲ. ಕೇಳಬಾರ್ದು ಅಂತ ಅಮ್ಮ ಹೇಳಿದ್ಲು, ಅದಕ್ಕೆ ಕೇಳಲ್ಲ. ಕೋಟು ಒಗೆದಿದೆ.’

ಇದನ್ನು ಓದಿ ಸಹಿದಾರರು ತಟ್ಟೆಯನ್ನು ಮೂರು ಸಲ ತೊಳೆದರು. ಈ ಬಗ್ಗೆ ಪ್ರತ್ಯೇಕ ವರದಿ ಇರುವುದಿಲ್ಲ.

ಬಿಟ್ಟ ಸೀಟನ್ನು ಮರಳಿ ಪಡೆಯುವ ಅರ್ಜಿಗೆ ವಿದ್ಯಾರ್ಥಿನಿಯ ಸ್ವಂತ ಸಹಿ ಬೇಕು. ಅದು ಇಂದು ಸಂಜೆ ಐದರೊಳಗೆ ದಾಖಲಾಗದಿದ್ದರೆ ಕುಮಾರಿ ಎರೆಂದಿರಾ ಅವರ ನರ್ಸಿಂಗ್ ಸೀಟು ಬೇರೆಯವರಿಗೆ ಹೋಗುತ್ತದೆ. ಆದ ಕಾರಣ ಈ ಸುತ್ತೋಲೆ.

ಆದೇಶ:

೧. ನಮೂನೆ ೧ನ್ನು ಈ ಕ್ಷಣದಿಂದ ಹಿಂಪಡೆಯಲಾಗಿದೆ. ಕಪಾಟಿನಲ್ಲಿರುವ ಎರಡು ಸಾವಿರ ಪ್ರತಿಗಳ ಹಿಂಬದಿಯನ್ನು ಬರೆಯಲು ಬಳಸಬಹುದು. ಮುಂಬದಿಯನ್ನು ಯಾವ ವಿದ್ಯಾರ್ಥಿಯ ಕಣ್ಣಿಗೂ ಬೀಳಿಸಬಾರದು.

೨. ‘ಕೂಡಲೇ’, ‘ತಪ್ಪದೆ’, ‘ತಕ್ಕದ್ದು’ ಎಂಬ ಪದಗಳನ್ನು ನಿಷೇಧಿಸಲಾಗಿದೆ. ಎಲ್ಲ ಸಿಬ್ಬಂದಿ ಈ ಕಲಮನ್ನು ಕೂಡಲೇ, ತಪ್ಪದೆ ಪಾಲಿಸತಕ್ಕದ್ದು.

೩. ವಿದ್ಯಾರ್ಥಿಯನ್ನು ಕರೆಯುವಾಗ ಕಾರಣವನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಕಾರಣವಿಲ್ಲದಿದ್ದರೆ ‘ಸುಮ್ಮನೆ’ ಎನ್ನಬೇಕು. ‘ಸುಮ್ಮನೆ’ ಎಂದು ಸಹಜವಾಗಿ ಹೇಳುವ ಬಗ್ಗೆ ಎರಡು ಗಂಟೆಯ ತರಬೇತಿ ಏರ್ಪಡಿಸಲಾಗುವುದು. ಅದಕ್ಕೆ ಬಾರದವರಿಗೆ ನಮೂನೆ ೧ ಕಳಿಸಲಾಗುವುದು.

೪. ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತ ವಿದ್ಯಾರ್ಥಿಗಳು ತೀರ್ಪಿಗೆ ಕಾದು ಕೂತವರಂತೆ ಕಾಣುತ್ತಾರೆಂದು ಬೆಂಚನ್ನು ಗುರುವಾರ ಒಳಗೆ ತರಲಾಯಿತು. ಒಳಗೆ ಜಾಗ ಸಾಲದೆ ಸಹಿದಾರರ ಮೇಜನ್ನು ಹೊರಗೆ ಹಾಕಲಾಯಿತು. ಈಗ ಸಹಿದಾರರು ತೀರ್ಪಿಗೆ ಕಾದು ಕೂತವರಂತೆ ಕಾಣುತ್ತಾರೆ. ಈ ವ್ಯವಸ್ಥೆ ಮುಂದುವರಿಯುತ್ತದೆ.

೫. ವಿದ್ಯಾರ್ಥಿಗಳು ತಂದ ಯಾವುದೇ ತಿಂಡಿಯ ತಟ್ಟೆಯನ್ನು ತಿನ್ನುವ ಮೊದಲು ಇಬ್ಬರು ಸಿಬ್ಬಂದಿ ಎತ್ತಿ, ಅಡಿಭಾಗವನ್ನು ಪರಿಶೀಲಿಸಿ, ‘ಚೀಟಿ ಇಲ್ಲ’ ಎಂದು ಗಟ್ಟಿಯಾಗಿ ಘೋಷಿಸಬೇಕು. ಸಾರು, ಪಾಯಸದಂಥವುಗಳಿಗೆ ಮೂವರು ಬೇಕು.

೬. ಹಿಂದಿರುಗಿಸಿದ ಕೋಟಿಗೆ ಇಸ್ತ್ರಿ ಮಾಡಿದ್ದರೆ ಅದನ್ನು ತುರ್ತು ಪರಿಸ್ಥಿತಿ ಎಂದು ಭಾವಿಸಬೇಕು. ಅಪ್ಪ ಅಮ್ಮ ಕಾಲೇಜು ಓದಿರುವ ಮಕ್ಕಳು ಕೋಟನ್ನು ಒಗೆದೂ ಕೊಡುವುದಿಲ್ಲ, ಎಷ್ಟೋ ಸಲ ಕೊಡುವುದೇ ಇಲ್ಲ ಎಂಬುದು ದಾಖಲೆಗಳಿಂದ ತಿಳಿದುಬಂದಿದೆ.

೭. ಅಗತ್ಯ ಬಿದ್ದಲ್ಲಿ ಕಚೇರಿಯೇ ವಿದ್ಯಾರ್ಥಿಯ ಬಳಿಗೆ ಹೋಗಬೇಕು. ಮಾದರಿಗಾಗಿ ಇಂದಿನ ಭೇಟಿಯ ವಿವರ ನೀಡಲಾಗಿದೆ.

ಸಹಿದಾರರು ಮಧ್ಯಾಹ್ನ ಎರಡೂಕಾಲರ ಹತ್ತು ನಿಮಿಷದ ಬಿಡುವಿಗೆ ಸರಿಯಾಗಿ ಶೆಡ್ಡಿನ ಗೇಟಿನಲ್ಲಿ ನಿಂತಿದ್ದರು. ಕುಮಾರಿ ಎರೆಂದಿರಾ ಅವರು ಮಂಗಳವಾರದಿಂದ ತಾಯಿಯ ಸಾಲಿನಲ್ಲೇ ಕೆಲಸಕ್ಕೆ ಸೇರಿದ್ದು, ಸಹಿದಾರರನ್ನು ಕಂಡೊಡನೆ ಅವರ ಮುಖ ಬಿಳಿಚಿಕೊಂಡಿತು.

‘ಮೇಡಂ, ಕನ್ನಡಕಾನೂ ಕೊಟ್ಟಿದ್ದೀನಿ. ಕೋಟಿನ ಎರಡನೇ ಗುಂಡಿ ಮೊದ್ಲೇ ಇರ್ಲಿಲ್ಲ, ದೇವರಾಣೆ!’

‘ಗುಂಡಿ ಮನೆ ಹಾಳಾಗ್ಲಿ. ನಿನ್ನ ಯಾರೂ ತೆಗೆದಿಲ್ಲ ಕಣೇ. ಹೊಗಳೋಕೆ ಕರೆದಿದ್ದು’ ಎಂದು ಸಹಿದಾರರು ಸ್ಪಷ್ಟಪಡಿಸಿದರು.

ಈ ಹಂತದಲ್ಲಿ ಶ್ರೀಮತಿ ಎರ್ಮಿನಿಯಾ ಅವರು ಮಧ್ಯಪ್ರವೇಶಿಸಿದರು. ‘ಹೊಗಳೋಕೆ ಯಾರಾದ್ರೂ ಆಫೀಸಿಗೆ ಕರೀತಾರಾ ತಾಯಿ? ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೀನಿ, ಆಫೀಸಿಗೆ ಹೋದೋರು ಒಬ್ರೂ ನಗ್ತಾ ಹೊರಗೆ ಬಂದಿಲ್ಲ.’

ನಗುತ್ತಾ ಹೊರಗೆ ಬಂದವರ ದಾಖಲೆ ಈ ಕಚೇರಿಯ ಕಡತದಲ್ಲೂ ಇಲ್ಲ.

‘ಟಮಾಲೆ ಏನಾಯ್ತು?’ ಎಂದು ತಾಯಿ ಕೇಳಿದರು.

‘ತಿಂದ್ವಿ.’

‘ಮೂವತ್ತಾರೂ?’

‘ಮೂವತ್ತಾರೂ.’

‘ಅಷ್ಟೂ ತಿಂದು ನನ್ನ ಮಗಳನ್ನ ಹೊರಗಿಡ್ತೀರಾ? ನಡೀರಿ, ನಡೀರಿ, ವಾಪಸ್ ತಗೊಳ್ಳಿ ಅವಳನ್ನ!’

ಆದರೆ ಮಗಳು ಕದಲಲಿಲ್ಲ. ಅವರು ಕೈಗವಸು ಕಳಚಿ, ಮತ್ತೆ ಹಾಕಿಕೊಂಡು, ‘ಮೇಡಂ, ನಾನು ಬಂದ್ರೆ ಮತ್ತೆ ಅಂಥಾ ಪತ್ರ ಬರುತ್ತಾ?’ ಎಂದು ಕೇಳಿದರು. ಬಾರದು ಎಂದು ಸಹಿದಾರರು ಮಾತು ಕೊಟ್ಟರು. ಆ ಹೊತ್ತಿನಲ್ಲಿ ಅಂಥ ಮಾತು ಕೊಡುವ ಅಧಿಕಾರ ಅವರಿಗಿರಲಿಲ್ಲ; ಕಲಂ ೧ರ ಮೂಲಕ ಅದನ್ನು ಪಡೆಯಲಾಗಿದೆ.

ಬಿಡುವು ಮುಗಿಯಲು ಎರಡು ನಿಮಿಷವಿತ್ತು. ಸಹಿದಾರರ ಪೆನ್ನು ಬರೆಯಲಿಲ್ಲ. ಪೆಟ್ಟಿಗೆಯ ಮೇಲೆ ನಂಬರು ಹಾಕುವ ದಪ್ಪ ಹಸಿರು ಪೆನ್ನು ತಾಯಿಯ ಜೇಬಿನಲ್ಲಿತ್ತು. ಮೇಜು ಇಲ್ಲದ ಕಾರಣ ಶ್ರೀಮತಿ ಎರ್ಮಿನಿಯಾ ಅವರು ಬಗ್ಗಿ ಬೆನ್ನು ಕೊಟ್ಟರು. ಅರ್ಜಿಯಲ್ಲಿನ ಸಹಿ ಅಲುಗಿದಂತೆ ಕಂಡುಬಂದರೆ ಅದನ್ನು ಅರ್ಜಿದಾರರ ಲೋಪವೆಂದು ಪರಿಗಣಿಸಬಾರದು. ಮೇಜು ಅಳುತ್ತಿತ್ತು.

೮. ಸದರಿ ಅರ್ಜಿಯನ್ನು ಶ್ರೀಮತಿ ವಿಲ್ಮಾ ಡೈಕ್‌ಸ್ಟ್ರಾ ಅವರು ಕನ್ನಡಕ ಏರಿಸಿ ನೋಡಿ, ಸಹಿದಾರರಿಗೆ ‘ದೊಲೋರೆಸ್, ನಂಗೇನೂ ಹಟ ಇಲ್ಲಮ್ಮ. ಆದ್ರೆ ನಿಯಮದಲ್ಲಿ ನೀಲಿ ಇಲ್ಲಾ ಕಪ್ಪು ಅಂತಿದೆ. ಹಸಿರಿಗೆ ಒಂದು ಸುತ್ತೋಲೆ ತೋರ್ಸು, ಈಗ್ಲೇ ಮುದ್ರೆ ಒತ್ತುತೀನಿ’ ಎಂದಿರುತ್ತಾರೆ. ಶೆಡ್ಡಿಗೆ ಹೋಗಲು ನಲವತ್ತು ನಿಮಿಷ ಬೇಕು, ಮುಂದಿನ ಬಿಡುವು ಐದೂವರೆಗೆ. ಆದುದರಿಂದ ಬೆನ್ನಿನ ಮೇಲಿಟ್ಟು ಮಾಡಿದ ಹಸಿರು ಸಹಿಯು ಈ ಕಾಲೇಜಿನಲ್ಲಿ ನೀಲಿ ಮತ್ತು ಕಪ್ಪು ಸಹಿಗಳಿಗೆ ಸಮಾನವೆಂದು ಈ ಮೂಲಕ ಸೂಚಿಸಲಾಗಿದೆ. ಒಂದೇ ಕಲಮಿನ ಸುತ್ತೋಲೆಯನ್ನು ಯಾರೂ ನಂಬುವುದಿಲ್ಲವಾದ್ದರಿಂದ ಉಳಿದ ಕಲಮುಗಳನ್ನು ಸೇರಿಸಲಾಗಿದೆ.

೯. ಕೊನೆಯದಾಗಿ, ಹಳೆಯ ಕಡತ ೧೧೮/೨೦೦೩ನ್ನು ಪರಿಶೀಲಿಸಲಾಯಿತು. ಆ ವರ್ಷ ಚೆರ್ರಿ ಶೆಡ್ಡಿನ ಕೆಲಸದಾಕೆಯ ಮಗಳೊಬ್ಬಳಿಗೆ ಇದೇ ನಮೂನೆ ೧ ಹೋಗಿತ್ತು. ಆಕೆ ಮೂರು ದಿನ ಕಾಲೇಜಿನ ಅಂಗಳದಲ್ಲಿ ಮಾವನ ಪಿಕಪ್ ಗಾಡಿಯೊಳಗೆ ಕೂತು, ಒಳಗೆ ಬರಲು ಧೈರ್ಯ ಸಾಲದೆ, ನಾಲ್ಕನೇ ದಿನ ಗುರುತಿನ ಚೀಟಿಯನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಹೋದಳು. ಆರು ವರ್ಷ ಚೆರ್ರಿ ಆರಿಸಿದಳು. ಕಡತದ ಕೊನೆಯ ಸಾಲು: ‘ತಾನಾಗಿ ಬಿಟ್ಟಿದ್ದಾಳೆ, ಮುಕ್ತಾಯ.’ ಆಕೆಯನ್ನು ಕರೆದದ್ದು ಗ್ರಂಥಾಲಯದಲ್ಲಿ ಮರೆತ ಸ್ವೆಟರನ್ನು ಹಿಂದಿರುಗಿಸಲು. ಆಕೆಗೆ ಬಂದ ಪತ್ರದ ಮಾತುಗಳನ್ನು, ಎಲ್ಲರಿಗಿಂತ ಚೆನ್ನಾಗಿ ಬಲ್ಲವರೇ ಮುಂದೆ ಈ ಕಚೇರಿಯ ಅಧಿಕಾರ ವಹಿಸಿಕೊಂಡಾಗ, ಒಂದಕ್ಷರ ಬದಲಿಸದೆ ಉಳಿಸಿಕೊಂಡು, ಮೂಲೆಯಲ್ಲಿ ನಗುವ ಸೇಬಿನ ಚಿತ್ರವೊಂದನ್ನು ಮಾತ್ರ ಸೇರಿಸಿದರು. ಎಂಥಾ ಬುದ್ಧಿವಂತಿಕೆ!

ಈ ಸುತ್ತೋಲೆಯು ಸಂಜೆ ೪-೫೦ರಿಂದ ಜಾರಿಗೆ ಬರುತ್ತದೆ.

(ಸಹಿ, ಹಸಿರು ಶಾಯಿಯಲ್ಲಿ)
ದೊಲೋರೆಸ್ ಬ್ರಕಮೊಂತೆಸ್
ಸಂಯೋಜಕಿ
ಮೊದಲ ತಲೆಮಾರಿನ ವಿದ್ಯಾರ್ಥಿಗಳ ಬೆಂಬಲ ಕಚೇರಿ (ಪಡಸಾಲೆ)

ಪ್ರತಿಗಳು:

೧. ಶ್ರೀಮತಿ ವಿಲ್ಮಾ ಡೈಕ್‌ಸ್ಟ್ರಾ, ದಾಖಲಾತಿ ವಿಭಾಗ: ಓಡಿಹೋಗಿ ಖುದ್ದಾಗಿ ನೀಡಲಾಗಿದೆ. (ಮುದ್ರೆ: ‘ಸ್ವೀಕರಿಸಲಾಗಿದೆ, ೪-೫೭.’ ಕೆಳಗೆ ಕೈಬರಹದಲ್ಲಿ: ‘ಸೋಮವಾರ ತರಗತಿಗೆ ಬರ್ಲಿ. ಟಮಾಲೆ ನಂಗೆ ಒಂದೂ ಸಿಗ್ಲಿಲ್ಲ. ವಿ.’)

೨. ಶ್ರೀ ಗನ್ನಾರ್ ಸೋಲ್ಬರ್ಗ್: ಇನ್ನು ಮುಂದೆ ಹೊಗಳುವುದಿದ್ದರೆ ವಿದ್ಯಾರ್ಥಿಯ ಎದುರಿಗೇ ಹೊಗಳಲು ಸೂಚಿಸಿ.

೩. ಗಣಕಯಂತ್ರ: ಮಾಹಿತಿಗಾಗಿ.

೪. ಕುಮಾರಿ ಎರೆಂದಿರಾ ತ್ಸಿಂತ್ಸುನ್: ಗುರುತಿನ ಚೀಟಿ ಮತ್ತು ಕೋಟು ಲಗತ್ತಿಸಿದೆ. ಎರಡನೇ ಗುಂಡಿಯನ್ನು ಸಹಿದಾರರು ಹೊಲಿದಿದ್ದಾರೆ, ಬಣ್ಣ ಹೊಂದುವುದಿಲ್ಲ.

೫. ಶ್ರೀಮತಿ ಎರ್ಮಿನಿಯಾ: ತೊಳೆದ ತಟ್ಟೆಯೊಂದಿಗೆ. ಅಡಿಯಲ್ಲಿ ಚೀಟಿ ಇದೆ.

೬. ದೊಲೋರೆಸ್ ಬ್ರಕಮೊಂತೆಸ್, ವಿದ್ಯಾರ್ಥಿನಿ, ಕಡತ ೧೧೮/೨೦೦೩: ಅಂದು ನಿಮ್ಮ ಶೆಡ್ಡಿನ ಗೇಟಿನವರೆಗೆ ಈ ಕಚೇರಿಯಿಂದ ಯಾರೂ ಬರಲಿಲ್ಲ. ತಪ್ಪಾಯಿತು. ಸ್ವೆಟರ್ ಕಪಾಟಿನಲ್ಲೇ ಇದೆ. ಬಂದು ಒಯ್ಯಬಹುದು.